ಹಿತ್ತಲ ಹೆಗ್ಗಣ ಮತ್ತು ಬೇಟೆಯ ನೀತಿ

ಕೊಲ್ಲಬಾರದು ಎಂದು ಹೇಳುವುದು ಬಹಳ ಸುಲಭ, ಹೆಗ್ಗಣ ಪಕ್ಕದ ಮನೆಯಲ್ಲಿರುವವರೆಗೆ. ಐವತ್ತನಾಲ್ಕು ವರ್ಷ ನಾನೂ ಹಾಗೆಯೇ ಹೇಳಿಕೊಂಡು ಬಂದವಳು. ನಮ್ಮದು ಮಠಕ್ಕೆ ನಡೆದುಕೊಳ್ಳುವ ಮನೆತನ. ಮೊಟ್ಟೆಯನ್ನು ಕೂಡ ನಾವು ಹೆಸರು ಹಿಡಿದು ಕರೆಯುವುದಿಲ್ಲ, ‘ಅದು’ ಎಂದಷ್ಟೇ ಅನ್ನುತ್ತೇವೆ. ಅಡುಗೆಮನೆಯಲ್ಲಿ ಜಿರಲೆ ಕಂಡರೆ ನಮ್ಮ ಯಜಮಾನರು ಮಹದೇವಪ್ರಸಾದರು ಅದನ್ನು ಹಳೆಯ ಲಗ್ನಪತ್ರಿಕೆಯ ಮೇಲೆ ಹತ್ತಿಸಿಕೊಂಡು ಗೇಟಿನಾಚೆ ಇಳಿಸಿ ಬರುತ್ತಾರೆ. ನಾನಾದರೋ ಕಾಲೇಜೊಂದರ ಗ್ರಂಥಪಾಲಕಿ; ಯಾರಾದರೂ ಕುರ್ಚಿ ಎಳೆದ ಸದ್ದಾದರೆ ತಲೆಯೆತ್ತಿ ದಿಟ್ಟಿಸುವುದೇ ನನ್ನ ಉದ್ಯೋಗ. ಮೇಲಾಗಿ ರಾಮಕೃಷ್ಣನಗರದ ನಮ್ಮ ಬೀದಿಯ ಹೆಂಗಸರ ವಚನ ಗಾಯನದ ಗುಂಪಿಗೆ ಕಾರ್ಯದರ್ಶಿ. ಇಂಥ ನಾನು ಹೋದ ವರ್ಷ ಏರ್‌ಗನ್ ಹಿಡಿದು, ಬಚ್ಚಲುಮನೆಯ ಕಿಟಕಿಯ ಬಳಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಆರು ಸಂಜೆ ಕುಳಿತಿದ್ದೆ ಎಂದರೆ ನಂಬುವುದು ಕಷ್ಟ. ನನಗೇ ಕಷ್ಟ, ಆದರೆ ನನ್ನ ಸೊಂಟ ಅದನ್ನು ಚೆನ್ನಾಗಿ ನೆನಪಿಟ್ಟುಕೊಂಡಿದೆ.

ಎಲ್ಲ ಶುರುವಾದದ್ದು ಸುವರ್ಣಗೆಡ್ಡೆಯಿಂದ. ನಮ್ಮ ಹಿತ್ತಲಲ್ಲಿ ಒಂದು ತುಣುಕು ಮಣ್ಣಿನ ಜಾಗವಿದೆ. ಅಲ್ಲಿ ನಾಲ್ಕು ಗೆಡ್ಡೆ ನೆಟ್ಟಿದ್ದೆ. ಸುವರ್ಣಗೆಡ್ಡೆ ಬಲಿಯಲು ಎಂಟು ಒಂಬತ್ತು ತಿಂಗಳು ಬೇಕು. ಅಷ್ಟು ದಿನ ನೀರು ಹಾಕಿ, ಗೊಬ್ಬರ ಹಾಕಿ, ಮೇಲೆ ಕೊಡೆಯ ಹಾಗೆ ಬಿಚ್ಚಿಕೊಂಡ ಎಲೆಯನ್ನು ಬಂದವರಿಗೆಲ್ಲ ತೋರಿಸಿ, ಪಲ್ಯ ಮಾಡುವುದೋ ಮಜ್ಜಿಗೆಹುಳಿ ಮಾಡುವುದೋ ಎಂದು ನಾವು ಚರ್ಚಿಸುತ್ತಿದ್ದಾಗ, ಹೆಗ್ಗಣ ಕೆಳಗಿನಿಂದ ಬಂದು ಊಟ ಮುಗಿಸಿತ್ತು. ಅದರ ಮರ್ಯಾದೆ ಎಂಥದೆಂದರೆ ಗಿಡವನ್ನು ಅಲುಗಿಸಿರಲೇ ಇಲ್ಲ. ಒಳಗೆ ಬರೀ ಪೊಳ್ಳಾಗಿದ್ದ ಗಿಡಕ್ಕೆ ನಾನು ಇನ್ನೂ ಎರಡು ವಾರ ನೀರು ಹಾಕಿದೆ. ಒಂದು ಬೆಳಿಗ್ಗೆ ಅದು ಮೆಲ್ಲಗೆ ಪಕ್ಕಕ್ಕೆ ಒರಗಿದಾಗ ವಿಷಯ ಗೊತ್ತಾಯಿತು. ಅದೇ ವಾರ ಹಿಂಬಾಗಿಲ ಮೆಟ್ಟಿಲಿನ ಅಡಿಯ ಮಣ್ಣೂ ಖಾಲಿಯಾಗಿ, ಬಟ್ಟೆ ಒಣಹಾಕಲು ಹೋದ ಯಜಮಾನರು ಮೆಟ್ಟಿಲ ಸಮೇತ ಕುಸಿದು ಪಾದ ಉಳುಕಿಸಿಕೊಂಡರು.

ಅವರು ಹೋಮಿಯೋಪತಿ ವೈದ್ಯರು. ಸಣ್ಣ ಸಣ್ಣ ಬಿಳಿ ಗುಳಿಗೆಯಿಂದ ದೊಡ್ಡ ದೊಡ್ಡ ತೊಂದರೆ ನಿಧಾನವಾಗಿ ಹೋಗುತ್ತದೆ ಎಂದು ನಂಬಿ ಬದುಕಿದವರು. ಹೆಗ್ಗಣಕ್ಕೂ ಅವರ ಉಪಾಯ ಸೌಮ್ಯವಾಗಿಯೇ ಇತ್ತು. ಬೋನು ತಂದರು, ಕೊಬ್ಬರಿ ಕಟ್ಟಿದರು. ಮೂರನೆಯ ದಿನ ಬಿತ್ತು. ಬೆಕ್ಕಿನಷ್ಟಿತ್ತು. ಅದನ್ನು ಸ್ಕೂಟರಿನಲ್ಲಿ ಲಿಂಗಾಂಬುಧಿ ಕೆರೆಯ ಕಡೆಗೆ ಒಯ್ದೆವು. ಬೋನು ನನ್ನ ತೊಡೆಯ ಮೇಲೆ. ದಾರಿಯುದ್ದಕ್ಕೂ ಅದು ನನ್ನನ್ನೇ ನೋಡುತ್ತಿತ್ತು. ಪೊದೆಯ ಹತ್ತಿರ ಬಾಗಿಲು ತೆಗೆದರೂ ಹೊರಗೆ ಬರಲೊಲ್ಲದು. ಯಜಮಾನರು ಬಗ್ಗಿ, “ಹೋಗಪ್ಪ, ಹೋಗು, ಒಳ್ಳೇದಾಗ್ಲಿ” ಎಂದು ಹರಸುತ್ತಿದ್ದಾಗ ವಾಕಿಂಗ್ ಬಂದಿದ್ದ ಒಬ್ಬರು, “ನಿಮ್ಮನೆ ಹೆಗ್ಗಣಾನ ನಮ್ಮನೆ ಹತ್ರ ಯಾಕ್ರೀ ಬಿಡ್ತೀರಾ?” ಎಂದು ಗದರಿದರು. ನ್ಯಾಯವಾದ ಪ್ರಶ್ನೆ. ನಾವು ಹೆಗ್ಗಣವನ್ನು ಪೊದೆಗೆ ಕೊಡವಿ, ಖಾಲಿ ಬೋನು ಎತ್ತಿಕೊಂಡು ಸ್ಕೂಟರು ಹತ್ತಿದೆವು. ಮರುವಾರ ಹಿತ್ತಲಲ್ಲಿ ಹೊಸ ಬಿಲ. ಯಜಮಾನರು ಇದು ಬೇರೆ ಹೆಗ್ಗಣ ಎಂದರು. ನಾನು ಅದೇ ಎಂದೆ. ತೊಡೆಯ ಮೇಲೆ ಕೂರಿಸಿಕೊಂಡು ಹೋದವಳು ನಾನು, ಮುಖ ಪರಿಚಯ ನನಗಲ್ಲದೆ ಇನ್ನಾರಿಗೆ?

ವಿಷ ಇಡಬಹುದಿತ್ತು. ನಮ್ಮ ಬೀದಿಯ ತುದಿಯಲ್ಲಿ ಯಾರೋ ಇಟ್ಟಿದ್ದರು. ಹೆಗ್ಗಣಕ್ಕೆ ಏನಾಯಿತೋ ತಿಳಿಯದು, ದಿನಾ ನಮ್ಮ ಕಾಂಪೌಂಡ್ ಗೋಡೆಯ ಮೇಲೆ ಮೈ ಕಾಯಿಸುತ್ತಿದ್ದ ಕಂದು ಬೆಕ್ಕು ಎರಡು ದಿನ ನರಳಿ ಸತ್ತಿತು. ಆಮೇಲೆ ವಿಷದ ಮಾತನ್ನು ನಾವಿಬ್ಬರೂ ಎತ್ತಲಿಲ್ಲ.

ಆಗ ನೆನಪಾದವರು ಚಿಕ್ಕೇಗೌಡರು. ನಮ್ಮ ಕಾಲೇಜಿನಲ್ಲಿ ಆಟದ ಮೇಷ್ಟ್ರಾಗಿದ್ದು ನಿವೃತ್ತರಾದವರು. ಎರಡು ಬೀದಿ ಆಚೆ ಮನೆ. ನಂಜನಗೂಡು ಕಡೆಯ ಬೇಸಾಯದ ಕುಟುಂಬ. ಹುಡುಗರಿಗೆ ಗುರಿ ಹೊಡೆಯುವುದನ್ನು ಕಲಿಸುತ್ತಿದ್ದ ಕಾಲದ ಒಂದು ಏರ್‌ಗನ್ ಅವರ ಮನೆಯ ಬೀರುವಿನ ಹಿಂದೆ ಹಳೆಯ ಪಂಚೆಯಲ್ಲಿ ಸುತ್ತಿಟ್ಟಿತ್ತು. ನಾನು ಕೇಳಿದ್ದು ಇಷ್ಟೇ: ಬಂದು ಒಂದು ಏಟು ಹೊಡೆದು, ಕಾಫಿ ಕುಡಿದು ಹೋಗಿ ಎಂದು. ಗೌಡರು ತಲೆಯಾಡಿಸಿದರು.

“ನಂಗೆ ಕಣ್ಣು ಆಪರೇಸನ್ ಆಗದೆ ಕಣವ್ವ, ಕೈ ಬೇರೆ ನಡುಗ್ತದೆ. ನಡುಗೋ ಕೈಲಿ ಪ್ರಾಣಿಗೆ ಗುರಿ ಇಡಬಾರ್ದು. ನೀವೇ ಕಲೀರಿ.”

“ನಾನಾ? ಮೇಷ್ಟ್ರೇ, ನಾವು ಲಿಂಗ ಕಟ್ಟೋ ಜನ.”

“ಅದ್ಕೇ ಒಳ್ಳೇದು. ತಿನ್ನೋ ಆಸೆ ಇರಕ್ಕಿಲ್ಲ. ಆಸೆ ಇಲ್ದೋರು ಆತುರ ಬೀಳಕ್ಕಿಲ್ಲ” ಎಂದರು.

ಆ ಮಾತು ನನಗೆ ಬಹಳ ಹಿಡಿಸಿತು. ನನ್ನ ಬಗ್ಗೆ ಯಾರಾದರೂ ಒಳ್ಳೆಯದು ಹೇಳಿದರೆ ಅದನ್ನು ಪರೀಕ್ಷಿಸುವ ಅಭ್ಯಾಸ ನನಗಿಲ್ಲ.

ಆದರೆ ಬಂದೂಕು ಕೈಗೆ ಬರಲು ಹದಿನೈದು ದಿನ ಹಿಡಿಯಿತು. ಗೌಡರು ಮೊದಲು ಬಂದು ಹಿತ್ತಲನ್ನೆಲ್ಲ ಸುತ್ತಿ, ಕಸದ ಬುಟ್ಟಿಗೆ ಮುಚ್ಚಳ ಹಾಕಿಸಿದರು, ಬಿಲಗಳಿಗೆ ಕಲ್ಲು ಜಡಿಸಿ ಗಾರೆ ಹಾಕಿಸಿದರು. ಹಾಗಾದರೂ ಹೋದರೆ ಹೋಗಲಿ, ಕೊಲ್ಲುವುದು ಯಾಕೆ ಎಂಬುದು ಅವರ ವಾದ. ಹೆಗ್ಗಣ ಗಾರೆಯ ಪಕ್ಕದಲ್ಲೇ ಇನ್ನೊಂದು ಬಾಗಿಲು ತೆಗೆದ ಮೇಲಷ್ಟೇ ಪಾಠ ಶುರುವಾದದ್ದು. ಮೊದಲ ಪಾಠ ಕಾನೂನಿನದು.

“ಇಲಿ, ಹೆಗ್ಗಣ, ಅಷ್ಟೆಯಾ. ನಮ್ಮಪ್ಪನ ಜೊತೆ ನಾನು ಚಿಕ್ಕೋನಾಗಿದ್ದಾಗ ಮೊಲಕ್ಕೂ ಓಗಿದ್ದೆ, ಗೌಜಲಕ್ಕಿಗೂ ಓಗಿದ್ದೆ. ಅದು ಆವಾಗ. ಈವಾಗ ಅಳಿಲು ಮುಟ್ಟಂಗಿಲ್ಲ, ಅಕ್ಕಿಪಕ್ಕಿ ಮುಟ್ಟಂಗಿಲ್ಲ. ಕಾನೂನು ಬುಡಿ, ಮನಸ್ಸಿಗೂ ತಪ್ಪು.”

ಅವರು ‘ಅಕ್ಕಿಪಕ್ಕಿ’ ಎಂದದ್ದು ಹಕ್ಕಿಪಕ್ಷಿಗಳಿಗೆ. ನಮ್ಮ ಯಜಮಾನರು ಮಾತ್ರ ವರಾಂಡದಲ್ಲಿ ಕಾಲು ನೀಡಿ ಕುಳಿತವರು, ಅಕ್ಕಿಗೆ ಯಾಕೆ ಗುಂಡು ಹೊಡೆಯುತ್ತಾರೆ ಎಂದು ನನ್ನನ್ನು ಆಮೇಲೆ ಕೇಳಿದರು.

ಮರಳು ತುಂಬಿದ ಚೀಲಗಳನ್ನು ಗೋಡೆಗೆ ಒಟ್ಟಿ, ಅದರ ಮೇಲೆ ಕಾಗದ ಅಂಟಿಸಿ, ಕಾಗದದ ಮೇಲೆ ರೂಪಾಯಿ ನಾಣ್ಯ ಇಟ್ಟು ಗೆರೆ ಎಳೆದರು. ಹತ್ತು ಹೆಜ್ಜೆ ದೂರದಿಂದ ಐದು ಗುಂಡು ಹೊಡೆದರೆ ಐದೂ ಆ ಗೆರೆಯ ಒಳಗೇ ಬೀಳಬೇಕು. ನಾಲ್ಕು ಬಿದ್ದರೆ ಸಾಲದು. “ಆ ಐದ್ನೇದು ಹೆಗ್ಗಣದ ಕಾಲ್ಗೋ ಹೊಟ್ಟೆಗೋ ಬಿದ್ದದೆ ಅನ್ಕಳಿ” ಎನ್ನುತ್ತಿದ್ದರು. ಕಾಲೇಜಿನಿಂದ ಬಂದು, ಸೆರಗು ಸಿಕ್ಕಿಸಿ, ನಳಿಗೆ ಮಡಿಚಿ, ಸೀಸದ ಗುಂಡು ತುಂಬಿ, ಉಸಿರು ಅರ್ಧ ಬಿಟ್ಟು ತಡೆಹಿಡಿದು ನಾನು ಹೊಡೆದೆ. ಮೊದಲ ವಾರ ಕಾಗದಕ್ಕೇ ತಾಗಲಿಲ್ಲ. ಎರಡನೇ ವಾರ ಕಾಗದದ ನಾಲ್ಕು ಮೂಲೆಗೂ ತಾಗಿತು, ನಡುವನ್ನು ಬಿಟ್ಟು. ಒಂದು ತಿಂಗಳ ಕೊನೆಗೆ ಐದಕ್ಕೆ ಐದು. ಆ ಕಾಗದವನ್ನು ನಾನು ಫ್ರಿಜ್ಜಿನ ಮೇಲೆ ಅಂಟಿಸಿದೆ. ಯಜಮಾನರು ಹಾಲು ತೆಗೆಯಲು ಹೋದಾಗಲೆಲ್ಲ ಅದನ್ನು ನೋಡಿ, “ಮಂಗಳಾ, ನಿಂಗೆ ಇದೆಲ್ಲ ಬೇಕಾ?” ಎನ್ನುತ್ತಿದ್ದರು. ಆದರೆ ಆ ತಿಂಗಳು ಅವರು ನನ್ನ ಅಡುಗೆಯಲ್ಲಿ ಉಪ್ಪಿನ ಮಾತೆತ್ತಲಿಲ್ಲ ಎಂಬುದನ್ನು ಗಮನಿಸಿದ್ದೇನೆ.

ಇನ್ನು ನಿಜವಾದ ಬೇಟೆ. ಹೆಗ್ಗಣ ಹೊರಡುವುದು ಸಂಜೆ ಆರೂವರೆಯ ಆಸುಪಾಸಿನಲ್ಲಿ, ಬೆಳಕು ಇನ್ನೂ ಇರುವಾಗಲೇ. ಗೌಡರ ನಿಯಮಗಳು ಸರಳವಾಗಿದ್ದವು. ಹಿಂದೆ ಮರಳು ಚೀಲ ಇದ್ದರೆ ಮಾತ್ರ ಹೊಡೆಯಬೇಕು, ಗೋಡೆಯ ಮೇಲೆ ಕೂತದ್ದಕ್ಕೆ ಕೂಡದು. ಬೆಕ್ಕು, ನಾಯಿ, ಮನುಷ್ಯರು ಅತ್ತ ಇತ್ತ ಸುಳಿಯಬಾರದು. ಎಲ್ಲಕ್ಕಿಂತ ಮುಖ್ಯವಾದದ್ದು, ಓಡುತ್ತಿರುವುದಕ್ಕೆ ಎಂದೂ ಹೊಡೆಯಬಾರದು. ನಿಂತು, ಪಕ್ಕಕ್ಕೆ ತಿರುಗಿದಾಗ, ಕಣ್ಣಿಗೂ ಕಿವಿಗೂ ನಡುವೆ. “ಒಂದೇ ಏಟು. ಅದ್ಕೆ ಗೊತ್ತೇ ಆಗಬಾರ್ದು.” ಕೇಳುವಾಗ ನನಗೆ ಒಂದೂ ಕಷ್ಟವೆನಿಸಲಿಲ್ಲ. ತೊಂದರೆಯೆಂದರೆ ಹೆಗ್ಗಣಕ್ಕೆ ಇವನ್ನು ಯಾರೂ ಹೇಳಿರಲಿಲ್ಲ. ಮೊದಲ ಸಂಜೆ ಅದು ಗೋಡೆಯ ಮೇಲೆ, ಪಕ್ಕದ ಮನೆಯ ಅಡುಗೆಮನೆ ಕಿಟಕಿಗೆ ಸರಿಯಾಗಿ ಎದುರು ಕೂತು ಮೀಸೆ ತಿಕ್ಕಿಕೊಂಡಿತು. ಎರಡನೇ ಸಂಜೆ ನನಗೆ ಬೆನ್ನು ಹಾಕಿ ಕಾಲು ಗಂಟೆ ಮಣ್ಣು ಕೆರೆಯಿತು. ಮೂರನೆಯ ಸಂಜೆ ಬರಲೇ ಇಲ್ಲ. ನಾಲ್ಕನೆಯ ಸಂಜೆ ಬಂತು, ಸರಿಯಾದ ಜಾಗದಲ್ಲಿ ಸರಿಯಾಗಿ ನಿಂತಿತು. ಆಗ ಯಜಮಾನರು ಬಚ್ಚಲ ಬಾಗಿಲು ಬಡಿದು, ಇನ್ನೆಷ್ಟು ಹೊತ್ತು, ನಾನು ಒಳಗೆ ಬರಬೇಕು ಎಂದರು. ಐದನೆಯ ಸಂಜೆ ಗೋಡೆಯ ಆಚೆಯಿಂದ ಪಕ್ಕದ ಮನೆಯ ವಿಮಲಕ್ಕ, “ಏನ್ರೀ ಮಂಗಳಾ, ದಿನಾ ಸಾಯಂಕಾಲ ನಿಮ್ಮ ಬಚ್ಚಲಲ್ಲಿ ಲೈಟೇ ಹಾಕಲ್ವಲ್ಲ, ಬಲ್ಬು ಹೋಗಿದ್ಯಾ?” ಎಂದು ಕೂಗಿ ಕೇಳಿದರು.

ಆರನೆಯ ಸಂಜೆ ಭಾನುವಾರ. ನಮ್ಮ ವಚನ ಗಾಯನದ ಗುಂಪು ಅಂದು ವಿಮಲಕ್ಕನ ಮನೆಯಲ್ಲೇ ಸೇರುವುದಿತ್ತು. ಕಾರ್ಯದರ್ಶಿಯಾದ ನಾನು ಬೆಳಿಗ್ಗೆಯೇ, ಜ್ವರ ಬಂದಿದೆ, ಬರಲಾರೆ ಎಂದು ಗುಂಪಿಗೆ ಮೆಸೇಜು ಹಾಕಿದ್ದೆ. ಗೌಡರು ನಮ್ಮ ವರಾಂಡದಲ್ಲಿ ಯಜಮಾನರ ಜೊತೆ ಕಾಫಿ ಕುಡಿಯುತ್ತಿದ್ದರು. ಗೋಡೆಯ ಆಚೆ ಶ್ರುತಿಪೆಟ್ಟಿಗೆ ಶುರುವಾಯಿತು. ದಯೆಯ ಮೇಲಿನ ವಚನ. ರಾಗ ಹಾಕಿಕೊಟ್ಟವಳು ನಾನೇ. ಅದೇ ಹೊತ್ತಿಗೆ ಹೆಗ್ಗಣ ಬಂತು.

ಮರಳು ಚೀಲದ ಮುಂದೆ ಬಂದು ನಿಂತಿತು. ಪಕ್ಕಕ್ಕೆ ತಿರುಗಿತು. ನಾನು ಉಸಿರು ಅರ್ಧ ಬಿಟ್ಟೆ. ಇನ್ನೇನು ಎನ್ನುವಾಗ ಆಚೆ ಮನೆಯಲ್ಲಿ ಯಾರೋ ಮೇಲಿನ ಸ್ವರ ಎತ್ತಿದರು. ಹೆಗ್ಗಣ ಬೆಚ್ಚಿ ಹೊರಟಿತು. ಈಗ ಬಿಡಬೇಕಿತ್ತು. ಬಿಡಬೇಕು ಎಂದು ನನಗೆ ಗೊತ್ತಿತ್ತು. ಆದರೆ ಆರು ಸಂಜೆಯ ಸೊಂಟನೋವು, ನಾಲ್ಕು ಸುವರ್ಣಗೆಡ್ಡೆ, ಫ್ರಿಜ್ಜಿನ ಮೇಲಿನ ಕಾಗದ ಎಲ್ಲ ಸೇರಿ ನನ್ನ ಬೆರಳನ್ನು ಎಳೆದುಬಿಟ್ಟವು. ಟಪ್ ಎಂದಿತು. ಕೀಚ್ ಎಂದು ಒಂದು ಕಿರುಚು. ಹೆಗ್ಗಣ ಗೋಡೆ ಹತ್ತಿ ಆಚೆಗೆ ಬಿತ್ತು.

ಗೌಡರು ಲೋಟ ಹಿಡಿದುಕೊಂಡೇ ಬಂದರು. “ನಿಂತಿತ್ತಾ, ಓಡ್ತಿತ್ತಾ?”

“ನಿಂತಿತ್ತು ಮೇಷ್ಟ್ರೇ” ಎಂದೆ.

ಅವರು ಗೋಡೆಯ ಮೇಲೆ ಬಗ್ಗಿ ನೋಡಿದರು. ಗಾರೆಯ ಮೇಲೆ ಎರಡು ಹನಿ ರಕ್ತ.

“ಎಲ್ಲೋ ಹೋಗಿ ಸತ್ತಿರುತ್ತೆ, ಬಿಡಿ” ಎಂದೆ ನಾನು, ಆದಷ್ಟು ಲಘುವಾಗಿ.

ಗೌಡರು ಲೋಟವನ್ನು ಒಗೆಯುವ ಕಲ್ಲಿನ ಮೇಲಿಟ್ಟರು. “ಎಂಗೆ ಬುಡಾದು ತಾಯಿ? ನೋವು ತಿನ್ಕಂಡು ಬಿದ್ದಿದ್ರೆ? ಏಟು ನಮ್ದು. ಅದು ಸಾಯಗಂಟ ನಾವೇ ಜವಾಬ್ದಾರ್ರು. ನಡೀರಿ, ಹುಡುಕವ.”

“ಮೇಷ್ಟ್ರೇ, ಆಚೆ ಮನೇಲಿ ಹನ್ನೆರಡು ಜನ ಕೂತಿದಾರೆ.”

“ಒಳ್ಳೇದಾಯ್ತು. ಬೇಗ ಸಿಕ್ತದೆ.”

ಹೀಗೆ ಜ್ವರ ಬಂದ ನಾನು, ಯಜಮಾನರ ಹಳೆಯ ಕ್ಯಾನ್ವಾಸ್ ಬೂಟು ಮೆಟ್ಟಿ, ಕೈಯಲ್ಲಿ ಕೋಲು ಹಿಡಿದು ವಿಮಲಕ್ಕನ ಗೇಟು ತೆಗೆದೆ. ಹಿಂದೆ ನಳಿಗೆ ಮಡಿಚಿದ ಖಾಲಿ ಬಂದೂಕನ್ನು ಮಗುವಿನಂತೆ ತೋಳಲ್ಲಿ ಹಿಡಿದ ಗೌಡರು, ಅವರ ಹಿಂದೆ ಟಾರ್ಚು ಹಿಡಿದು, ಉಳುಕಿದ ಪಾದ ಇನ್ನೂ ವಾಸಿಯಾಗದೆ ಕುಂಟುತ್ತಿದ್ದ ಯಜಮಾನರು. ಹಜಾರದ ಬಾಗಿಲು ತೆರೆದೇ ಇತ್ತು. ನಮ್ಮನ್ನು ಕಂಡು ಹಾಡು ಅರ್ಧ ಸಾಲಿಗೆ ನಿಂತಿತು. ಶ್ರುತಿಪೆಟ್ಟಿಗೆಯೊಂದೇ ಕುಯ್ಯೆಂದು ಮುಂದುವರಿಯಿತು.

“ಮಂಗಳಾ! ಜ್ವರ ಅಂದ್ರಲ್ಲ?” ಎಂದರು ವಿಮಲಕ್ಕ.

ನಾನು ಬೆಕ್ಕು ಕಳೆದುಹೋಗಿದೆ ಎಂಬ ಒಂದು ಸುಳ್ಳನ್ನು ದಾರಿಯಲ್ಲಿಯೇ ಸಿದ್ಧಪಡಿಸಿಕೊಂಡಿದ್ದೆ. ಬಾಯಿ ತೆರೆಯುವುದರೊಳಗೆ ಗೌಡರು ಕೈ ಮುಗಿದು, “ಕ್ಷಮಿಸ್ಬೇಕು ಕಣ್ರವ್ವ. ಒಂದು ಹೆಗ್ಗಣಕ್ಕೆ ಏಟು ಬಿದ್ದು ನಿಮ್ಮ ಹಿತ್ತಲಿಗೆ ಬಂದದೆ. ಹೊಡ್ದೋರು ಈ ಮೇಡಮ್ಮೇ. ನರಳ್ತಾ ಬಿದ್ದಿರ್ತದೆ, ಹುಡುಕಬೇಕು” ಎಂದುಬಿಟ್ಟರು.

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನಮ್ಮ ಹಿತ್ತಲಲ್ಲಾದರೆ ಅದು ಎಲ್ಲಿ ಬೇಕಾದರೂ ಬಾಯಿ ಬಿಡುತ್ತಿತ್ತು. ಇಲ್ಲಿ ಗಟ್ಟಿ ಗ್ರಾನೈಟು. ಹನ್ನೆರಡು ಜನರೂ ನನ್ನನ್ನೇ ನೋಡಿದರು. ಯಾರು ಮೊದಲು ‘ಛೇ’ ಎನ್ನುತ್ತಾರೋ ಎಂದು ನಾನು ಕಾಯುತ್ತಿದ್ದೆ. ಆಗ ಗುಂಪಿನಲ್ಲೇ ಹಿರಿಯರಾದ, ಮಾತೇ ಆಡದ, ಎಂಬತ್ತು ದಾಟಿದ ಒಬ್ಬ ಅಜ್ಜಿ ಕನ್ನಡಕ ಸರಿಮಾಡಿಕೊಂಡು ಕೇಳಿದರು: “ದೊಡ್ಡದೇನಮ್ಮ?”

ಅಷ್ಟೇ ಸಾಕಾಯಿತು. ಒಬ್ಬರ ಮನೆಯ ಕಾರಿನ ವಯರು ತಿಂದಿತ್ತು, ಇನ್ನೊಬ್ಬರ ಮನೆಯ ಸಂಪಿನ ಅಂಚು ಕೊರೆದಿತ್ತು, ಮತ್ತೊಬ್ಬರ ರೇಷ್ಮೆ ಸೀರೆಯಲ್ಲಿ ಮರಿ ಹಾಕಿತ್ತು. ಕಾರ್ಯದರ್ಶಿಯಾಗಿ ಐದು ವರ್ಷದಿಂದ ನಾನು ಎಷ್ಟು ಕೇಳಿಕೊಂಡರೂ ಒಂದೇ ಧ್ವನಿಯಲ್ಲಿ ಹಾಡದ ಗುಂಪು ಅಂದು ಒಂದೇ ಧ್ವನಿಯಲ್ಲಿ ಎದ್ದು, ಸೆರಗು ಸಿಕ್ಕಿಸಿಕೊಂಡು, ಮೊಬೈಲಿನ ದೀಪ ಹಚ್ಚಿಕೊಂಡು ಹಿತ್ತಲಿಗೆ ನುಗ್ಗಿತು. ಗೌಡರು ಆಟದ ಮೈದಾನದಲ್ಲಿ ಕೂಗುತ್ತಿದ್ದ ಹಾಗೆಯೇ, “ಸಾಲಾಗಿ ಬನ್ನಿ, ತುಳೀಬ್ಯಾಡಿ, ಕೈ ಹಾಕಬ್ಯಾಡಿ” ಎಂದು ಅವರನ್ನು ನಡೆಸಿದರು. ಹೂಕುಂಡ ಸರಿಸಿದರು, ಗ್ಯಾಸ್ ಸಿಲಿಂಡರು ಅಲುಗಿಸಿದರು, ವಿಮಲಕ್ಕ ಬಹಳ ದಿನದಿಂದ ಹುಡುಕುತ್ತಿದ್ದ ಇಡ್ಲಿ ತಟ್ಟೆಯೊಂದು ಸಿಕ್ಕಿತು.

ಹೆಗ್ಗಣವನ್ನು ಕಂಡವರು ಆ ಅಜ್ಜಿಯೇ. ನೀರಿನ ತೊಟ್ಟಿಯ ಹಿಂದೆ, ಒಣ ತೆಂಗಿನ ಗರಿಯ ಅಡಿಯಲ್ಲಿ ಅದು ಮಲಗಿತ್ತು. ಗುಂಡು ಹಿಂಗಾಲಿಗೆ ತಾಗಿ ಮೇಲಕ್ಕೆ ಹೋಗಿತ್ತು. ಎಳೆದುಕೊಂಡು ಬಂದ ಗುರುತು ನೆಲದ ಮೇಲಿತ್ತು. ಹೊಟ್ಟೆ ಬೇಗ ಬೇಗ ಏರಿಳಿಯುತ್ತಿತ್ತು. ಬೆಳಕು ಬಿದ್ದರೂ ಓಡಲಿಲ್ಲ, ಓಡಲು ಆಗುತ್ತಿರಲಿಲ್ಲ.

ಗೌಡರು ಎಲ್ಲರನ್ನೂ ನಮ್ಮ ಬೆನ್ನ ಹಿಂದಕ್ಕೆ ಸರಿಸಿದರು. ನಳಿಗೆ ಮಡಿಚಿ, ಗುಂಡು ತುಂಬಿ, ಬಂದೂಕನ್ನು ನನ್ನ ಕಡೆಗೆ ನೀಡಿದರು.

“ನನ್ ಕೈಲಿ ಆಗಲ್ಲ ಮೇಷ್ಟ್ರೇ, ನೀವೇ…”

“ನನ್ನ ಕೈ ನಡುಗ್ತದೆ, ಅದ್ಕೆ ಇನ್ನೊಂದ್ಸಲ ನೋವಾಗ್ತದೆ. ನಿಮ್ಮ ಏಟು ಇದು. ನೀವೇ ಮುಗಿಸ್ಬೇಕು ಕಣವ್ವ.”

ನಾನು ಮಂಡಿಯೂರಿದೆ. ಜಿರಲೆಯನ್ನೂ ಕೊಲ್ಲದ ನಮ್ಮ ಯಜಮಾನರು ಪಕ್ಕದಲ್ಲಿ ಕುಳಿತು ಟಾರ್ಚನ್ನು ಎರಡೂ ಕೈಯಲ್ಲಿ ಹಿಡಿದರು. ಮುಖ ತಿರುಗಿಸುತ್ತಾರೆ ಎಂದುಕೊಂಡಿದ್ದೆ, ತಿರುಗಿಸಲಿಲ್ಲ. “ಉಸಿರು ಬಿಡು ಮಂಗಳಾ, ಅರ್ಧ” ಎಂದರು ಮೆಲ್ಲಗೆ. ಒಂದು ತಿಂಗಳು ವರಾಂಡದಲ್ಲಿ ಕೂತು ಪಾಠವನ್ನೆಲ್ಲ ಕೇಳಿಸಿಕೊಂಡಿದ್ದರು. ಹೆಗ್ಗಣದ ಕಣ್ಣು ಕರಿಮಣಿಯ ಹಾಗೆ ಹೊಳೆಯುತ್ತಿತ್ತು. ನನಗೆ ಅದರ ಮೇಲೆ ಇದ್ದ ಸಿಟ್ಟನ್ನು ಹುಡುಕಿದೆ, ಒಂದು ಚೂರೂ ಸಿಗಲಿಲ್ಲ. ಕಣ್ಣಿಗೂ ಕಿವಿಗೂ ನಡುವೆ ಗುರಿಯಿಟ್ಟು ಹೊಡೆದೆ. ಈ ಸಲ ಅದಕ್ಕೆ ಗೊತ್ತಾಗಲಿಲ್ಲ. ಏರಿಳಿಯುತ್ತಿದ್ದ ಹೊಟ್ಟೆ ನಿಂತಿತು, ಅಷ್ಟೇ.

ಯಜಮಾನರು ಅದನ್ನು ಗೋಣಿತಾಟಿನಲ್ಲಿ ಎತ್ತಿಕೊಂಡರು. ನಮ್ಮ ಹಿತ್ತಲಿಗೆ ತಂದು, ಮಣ್ಣು ತೋಡಿ ಹೂತೆವು. ಗೌಡರು ಹೊರಟು ನಿಂತಾಗ ನಾನು ಗೇಟಿನ ತನಕ ಹೋದೆ. ಹೇಳದೆ ಇರಲಾಗಲಿಲ್ಲ.

“ಮೇಷ್ಟ್ರೇ, ಅದು ನಿಂತಿರ್ಲಿಲ್ಲ. ಓಡ್ತಿತ್ತು.”

“ಗೊತ್ತು ಕಣವ್ವ” ಎಂದರು ಗೌಡರು, ಚಪ್ಪಲಿ ಮೆಟ್ಟುತ್ತ. “ನಿಂತಿದ್ದಕ್ಕೆ ಹಿಂದ್ಲಿಂದ ಇಂಗೆ ಏಟು ಬೀಳಕ್ಕಿಲ್ಲ. ನೀವಾಗೇ ಯೋಳ್ತೀರೋ ಇಲ್ವೋ ಅಂತ ನೋಡ್ತಿದ್ದೆ.” ಸ್ವಲ್ಪ ದೂರ ಹೋಗಿ ತಿರುಗಿ, “ನಾನೂ ನಮ್ಮಪ್ಪನಿಗೆ ಒಂದ್ಸಲ ಸುಳ್ಳೇಳಿದ್ದೆ. ಮೊಲ ಸಿಗೋಗಂಟ ಮನೆಗೆ ಸೇರಿಸ್ನಿಲ್ಲ” ಎಂದರು.

ಮರುದಿನ ಬೆಳಿಗ್ಗೆ ಏಳುವಷ್ಟರಲ್ಲಿ ನಮ್ಮ ವಚನ ಗಾಯನದ ಗುಂಪಿನ ಮೆಸೇಜುಗಳಲ್ಲಿ ಹಾಡಿನ ಮಾತೇ ಇರಲಿಲ್ಲ. ‘ಮಂಗಳಾ ಮೇಡಂ, ನಮ್ಮನೆಗೆ ಯಾವಾಗ ಬರ್ತೀರಾ?’ ‘ನಮ್ಮನೇಲಿ ಎರಡಿವೆ.’ ‘ಬಾಣಂತಿ ಇದಾಳೆ, ನಮ್ಮನೆಗೆ ಮೊದಲು.’ ವಿಜಯನಗರ ಬಡಾವಣೆಯಲ್ಲಿರುವ ಯಾರದೋ ನಾದಿನಿಯಿಂದಲೂ ಕರೆ ಬಂತು. ನಾನು ಬಂದೂಕನ್ನು ಪಂಚೆಯಲ್ಲಿ ಸುತ್ತಿ ಗೌಡರಿಗೆ ಅಂದೇ ಹಿಂದಿರುಗಿಸಿದ್ದೆ. ಆದರೆ ಹಾಗೆಂದು ಹೇಳಲಿಲ್ಲ. ಕರೆದವರ ಮನೆಗೆಲ್ಲ ಹೋದೆ. ಹೋಗಿ, ಕಾಫಿ ಕುಡಿದು, ಬೇಟೆಯ ನೀತಿಯ ಬಗ್ಗೆ ಮಾತಾಡಿದೆ. ಕಸಕ್ಕೆ ಮುಚ್ಚಳ ಹಾಕಿದ್ದೀರಾ? ಬಿಲಕ್ಕೆ ಕಲ್ಲು ಜಡಿದಿದ್ದೀರಾ? ಹಿಂದೆ ಯಾರ ಕಿಟಕಿಯಿದೆ? ಮರಿಗಳಿದ್ದರೆ ಅವುಗಳ ಗತಿ? ಗಾಯವಾಗಿ ಓಡಿಹೋದರೆ ಬೀದಿಯೆಲ್ಲ ಹುಡುಕಲು ನೀವೂ ಬರುತ್ತೀರಾ? ಮುಕ್ಕಾಲು ಗಂಟೆ ಇದನ್ನು ಕೇಳಿದ ಮೇಲೆ ಸಾಮಾನ್ಯವಾಗಿ ಮನೆಯವರೇ ಎದ್ದು ಒಂದು ಚೀಲ ಸಿಮೆಂಟು ತರಲು ಹೋಗುತ್ತಿದ್ದರು.

ನಿಜ ಏನೆಂದರೆ ನನಗೆ ಭಯ. ಮೊದಲನೆಯ ಗುಂಡಿನ ಭಯವಲ್ಲ, ಅದನ್ನು ಯಾರು ಬೇಕಾದರೂ ಹೊಡೆಯಬಹುದು. ಇನ್ನೊಂದು ಸಲ ಮಂಡಿಯೂರಿ ಕೂರಬೇಕಾದೀತಲ್ಲ ಎಂಬ ಭಯ.

ಹೋದ ತಿಂಗಳು ನಮ್ಮ ಗುಂಪು ಮತ್ತೆ ವಿಮಲಕ್ಕನ ಮನೆಯಲ್ಲಿ ಸೇರಿತ್ತು. ಹಾಡು ಮುಗಿದ ಮೇಲೆ ವಿಮಲಕ್ಕ ಎದ್ದು ನಿಂತು, “ನೋಡಿ, ನಮ್ಮ ಮಂಗಳಾ ಎಂಥ ಗುರಿಕಾರ್ತಿ, ಆದ್ರೂ ಒಂದೇ ಒಂದು ಹೆಗ್ಗಣ ಬಿಟ್ರೆ ಇನ್ನು ಯಾವುದನ್ನೂ ಮುಟ್ಲಿಲ್ಲ. ಎಷ್ಟು ದಯೆ ಕಣ್ರೀ ಅವರಿಗೆ!” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಜ್ಜಿ ನನ್ನ ಕೆನ್ನೆ ಸವರಿ ನೆಟಿಕೆ ಮುರಿದರು. ನಾನು ತಲೆ ತಗ್ಗಿಸಿ ಸೆರಗು ಸರಿಮಾಡಿಕೊಂಡು ಸುಮ್ಮನೆ ಕೂತೆ. ಸಿಕ್ಕಿದ ಹೊಗಳಿಕೆಯನ್ನು ಬೇಡ ಎನ್ನುವಷ್ಟು ನೀತಿಯನ್ನು ಗೌಡರು ನನಗೆ ಕಲಿಸಿರಲಿಲ್ಲ.